ಲಕೋಟೆಯ ಮೂಲೆಯ ಅರಿಶಿನ

ಗಿರಿಜಕ್ಕ, ಆರು ವರ್ಷದ ಹಿಂದೆ ಪೊಲೀಸರು ನಿಮ್ಮನ್ನು ಸ್ಟೇಷನ್ನಿಗೆ ಕರೆಸಿದ್ದು ನಾನು ಬರೆದುಕೊಟ್ಟ ಎರಡು ಹಾಳೆಯ ವರದಿ ನೋಡಿ. ಅಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ — ಆ ಹಾಳೆಗಳಲ್ಲಿ ನಾನು ಬರೆದದ್ದು ನನ್ನನ್ನೇ.

ಆಗ ಹರಿಹರದಲ್ಲಿ ಹೆಸರಿಲ್ಲದ ಕಾಗದಗಳು ಬರುತ್ತಿದ್ದವು. ಮದುವೆ ನಿಶ್ಚಯವಾದ ಗಂಡಿನ ಮನೆಗೆ — ಹುಡುಗಿ ಹಾಗೆ, ಹುಡುಗಿ ಹೀಗೆ ಎಂದು. ಮೂರು ಮದುವೆ ಮುರಿದವು. ಇನ್‌ಸ್ಪೆಕ್ಟರು ದಾವಣಗೆರೆಗೆ ಬಂದು, ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ನನ್ನ ಮೇಜಿನ ಮೇಲೆ ಅವನ್ನೆಲ್ಲ ಹರಡಿದರು. ಮಾಡಿದ ಕೆಲಸ ನೋಡಿ ಮಾಡಿದವರು ಎಂಥವರೆಂದು ಹೇಳುವುದಕ್ಕೆ ಪ್ರೊಫೈಲಿಂಗ್ ಅನ್ನುತ್ತಾರೆ. ನಾನು ಅದನ್ನು ಓದಿದ್ದೆ, ಪಾಠ ಮಾಡಿದ್ದೆ, ಮಾಡಿ ನೋಡಿರಲಿಲ್ಲ. ನನ್ನನ್ನೂ ಒಬ್ಬರು ಹುಡುಕಿಕೊಂಡು ಬಂದರಲ್ಲ ಎಂದು ಹಿಗ್ಗಿಹೋದೆ.

ಒಂದು ಮಾತು ಸರಿಯಾಗಿಯೇ ಹೇಳಿದೆ. ಲಗ್ನಪತ್ರಿಕೆ ಹಂಚುವ ಮೊದಲೇ ಈ ಕಾಗದ ಬರೆಯುವವರಿಗೆ ಸುದ್ದಿ ಸಿಗುತ್ತಿದೆ, ಮದುವೆಯ ಕೆಲಸಕ್ಕೆಂದು ಜನ ಇವರ ಬಾಗಿಲಿಗೇ ಬರುತ್ತಾರೆ ಎಂದು. ಆ ವಿದ್ಯೆಯ ಬಲ ಅದೇ — ಊರೆಲ್ಲ ಹುಡುಕುವುದನ್ನು ಹತ್ತು ಬಾಗಿಲಿಗೆ ಇಳಿಸುತ್ತದೆ. ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದರೆ...

ಪ್ರತಿ ಲಕೋಟೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು, ಶುಭಪತ್ರಕ್ಕೆ ಹಚ್ಚುವ ಹಾಗೆ. ಅದನ್ನು ನೋಡಿ ನನ್ನ ತಲೆ ಓಡಿತು — ಓಡಿದ್ದು ನನ್ನ ಮನೆಯ ಕಡೆಗೇ. ಮುರಿದುಬಿದ್ದ ನನ್ನ ಮದುವೆಯ ಪತ್ರಿಕೆಗಳು, ಮೂಲೆಗೆ ಅರಿಶಿನ ಹಚ್ಚಿದವು, ಇನ್ನೂ ನನ್ನ ಟ್ರಂಕಿನಲ್ಲಿವೆ. ಬರೆದೆ: ಹೆಂಗಸು. ನಲವತ್ತು ದಾಟಿದೆ. ಮದುವೆ ನಿಶ್ಚಯವಾಗಿ ಮುರಿದಿದೆ. ಒಬ್ಬಳೇ ಇರುತ್ತಾಳೆ. ಬೇರೆಯವರ ಮದುವೆ ಕಂಡರೆ ಹೊಟ್ಟೆಯುರಿ — ಹೊಟ್ಟೆಯುರಿ ಎಂದು ಬರೆಯಲಿಲ್ಲ, ಅದಕ್ಕೊಂದು ದೊಡ್ಡ ಇಂಗ್ಲಿಷ್ ಪದ ಹಾಕಿದೆ.

"ಮೇಡಂ, ಥೇಟ್ ಇಂಥಾಕಿ ಒಬ್ಬಾಕಿ ಅದಾಳೆ ನೋಡ್ರಿ, ಬ್ಲೌಸ್ ಹೊಲಿಯಾಕಿ," ಎಂದರು ಇನ್‌ಸ್ಪೆಕ್ಟರು.

ನನಗೆ ಸಂತೋಷವಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ವರದಿಯನ್ನು ನಿಮ್ಮ ಮುಂದೆಯೇ ಓದಿ, ನಿಮ್ಮನ್ನು ಎರಡು ದಿನ ಕೂರಿಸಿ ಕೇಳಿದರು. ಆಮೇಲೆ ಮದುವೆಯ ಬ್ಲೌಸ್ ಯಾರೂ ನಿಮ್ಮ ಕೈಗೆ ಕೊಡಲಿಲ್ಲ. ಆ ಕಾಗದಗಳನ್ನು ಬರೆದವನು ಸಿಕ್ಕಿದ್ದು ಎರಡು ತಿಂಗಳ ಮೇಲೆ — ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನವನು, ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದವನು. ತನ್ನ ಹತ್ತಿರ ಪತ್ರಿಕೆಯ ಒಕ್ಕಣೆ ತಿದ್ದಿಸಿಕೊಂಡು, ಅಚ್ಚಿಗೆ ಮಾತ್ರ ದಾವಣಗೆರೆಗೆ ಹೋದವರ ಮೇಲೆ ಅವನಿಗೆ ಸಿಟ್ಟು. ಲಕೋಟೆಗಳಿಗೆ ಮೊದಲೇ ಅರಿಶಿನ ಹಚ್ಚಿ ಕಟ್ಟಿಡುವುದು ಅವನ ಅಂಗಡಿಯ ರೂಢಿ. ಕೈಗೆ ಸಿಕ್ಕ ಲಕೋಟೆಯಲ್ಲಿ ಹಾಕಿ ಕಳಿಸಿದ್ದ, ಅಷ್ಟೇ. ಈ ಲಕೋಟೆ ಎಲ್ಲಿಯದು ಎಂದು ನಾನು ಕೇಳಬೇಕಿತ್ತು. ಕೇಳದೆ, ಅದರಲ್ಲಿ ಮನಸ್ಸಿನ ಗಾಯ ಓದಿದೆ. ಕಾಣದವರ ಮುಖ ಬರೆಯಲು ಕೂತವರಿಗೆ ಹತ್ತಿರವಿರುವುದು ತಮ್ಮ ಮುಖವೇ — ಆ ವಿದ್ಯೆಯ ಈ ದೋಷವನ್ನು ನಾನು ಯಾವ ತರಗತಿಯಲ್ಲೂ ಹೇಳಿಲ್ಲ.

ಮರ್ಯಾದೆಯ ಪ್ರಶ್ನೆಯೆಂದು ಮೂರೂ ಮನೆಯವರು ಪ್ರೆಸ್ಸಿನವನ ಜೊತೆ ರಾಜಿಯಾದರು. ಊರಿಗೆ ಸುದ್ದಿ ತಿಳಿಯಲಿಲ್ಲ. ಇನ್‌ಸ್ಪೆಕ್ಟರು ನನಗೆ ಫೋನಿನಲ್ಲಿ ಹೇಳಿದರು. ನಿಮಗೆ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ. ನಿಮ್ಮ ಮೇಲಿನ ಅನುಮಾನ ನಿಮ್ಮ ಮೇಲೇ ಉಳಿಯಿತು.

ಆಮೇಲೆ ಒಂದು ಮಧ್ಯಾಹ್ನ ನೀವು ವಿಳಾಸ ಹುಡುಕಿಕೊಂಡು ದಾವಣಗೆರೆಯ ಆನೆಕೊಂಡದ ನನ್ನ ಮನೆಗೆ ಬಂದಿರಿ. ಬಯ್ಯಲಿಲ್ಲ.

"ನನ್ನ ಮುಖಾನೇ ನೋಡಿಲ್ಲ ನೀವು. ಒಬ್ಬಾಕಿನೇ ಇರ್ತೀನಿ, ಮದುವಿ ಮುರಿದೈತೆ ಅಂತ ಹೆಂಗೆ ಬರದ್ರಿ ಮೇಡಂ?"

"ಅದು ಶಾಸ್ತ್ರ," ಎಂದೆ.

ನೀವು ಬಾಗಿಲ ಬಳಿಯ ಒಂದೇ ಜೊತೆ ಚಪ್ಪಲಿ ನೋಡಿದಿರಿ. ಒಲೆಯ ಮೇಲಿನ ಪುಟ್ಟ ಕುಕ್ಕರ್ ನೋಡಿದಿರಿ. ನಾನು ನಿಮ್ಮನ್ನು ನೋಡದೆ ಬರೆದಿದ್ದೆ. ನೀವು ನೋಡಿ ಕೇಳಿದಿರಿ.

"ಒಬ್ಬರೇ ಇರ್ತೀರೇನ್ರಿ ಮೇಡಂ?"

"ಇಲ್ಲ, ಅಕ್ಕ ಇದ್ದಾಳೆ. ಪೇಟೆಗೆ ಹೋಗಿದ್ದಾಳೆ."

ನೀವು ತಲೆಯಾಡಿಸಿ ಹೊರಟುಹೋದಿರಿ. ಗಿರಿಜಕ್ಕ, ನನಗೆ ಅಕ್ಕ ಇಲ್ಲ. ಅಂದು ನಿಜ ಹೇಳಿದ್ದರೆ ವರದಿಯಲ್ಲಿದ್ದವಳು ಯಾರೆಂದು ಅಲ್ಲೇ ತಿಳಿದುಬಿಡುತ್ತಿತ್ತು. ನಿಮ್ಮ ಹೆಸರಿಗಿಂತ ನನ್ನ ಒಂಟಿತನವನ್ನು ಮುಚ್ಚಿಡುವುದೇ ನನಗೆ ದೊಡ್ಡದಾಯಿತು.

ಈ ಭಾನುವಾರ ಹರಿಹರಕ್ಕೆ ಬರುತ್ತೇನೆ. ನೀವು ಒಪ್ಪಿದರೆ, ನಿಮ್ಮ ಓಣಿಯವರ ಮುಂದೆ ನಿಂತು, ಆ ಕಾಗದ ಬರೆದವರು ನೀವಲ್ಲ, ನಿಮ್ಮ ಹೆಸರು ಕೆಡಿಸಿದವಳು ನಾನು ಎಂದು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಅಂದು ನೀವು ಕೇಳಿದ್ದಕ್ಕೆ ಉತ್ತರವನ್ನಾದರೂ ಕೊಡುತ್ತೇನೆ.

ಹೌದು ಗಿರಿಜಕ್ಕ. ಒಬ್ಬಳೇ ಇರ್ತೀನಿ.