ಓಡೋ ಹುಡುಗಿ ತಾನೆ

"ಹೋಗ್ಲಿ ಬಿಡಿ ಮೇಡಂ, ಆಮೇಲೆ ಗೆದ್ರಲ್ಲ" ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೌದು, ಆಮೇಲೆ ಗೆದ್ದೆ. ನೂರು ಮೀಟರ್ ಓಟದಲ್ಲಿ ಎರಡು ಸಲ ಇಡೀ ರಾಜ್ಯಕ್ಕೆ ಮೊದಲು ಬಂದೆ. ಅದರ ದೆಸೆಯಿಂದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸವೂ ಸಿಕ್ಕಿತು. ಕಪ್ಪುಗಳೆಲ್ಲ ಅಟ್ಟದ ಮೇಲಿವೆ, ಬೇಕಾದವರು ಹತ್ತಿ ನೋಡಬಹುದು. ನನ್ನಿಂದ ಕಿತ್ತುಕೊಂಡದ್ದು ಮಾತ್ರ ಅಲ್ಲಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪ ಕೋಲಾರದ ಕಡೆಯಿಂದ ಬಂದು ಹೊಸೂರಿನ ಹೊಸ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸಕ್ಕೆ ಸೇರಿದ್ದರು. ಪಕ್ಕದ ಮತ್ತಿಗಿರಿಯಲ್ಲಿ ಬಾಡಿಗೆ ಮನೆ. ಊರಾಚೆಯ ಮಣ್ಣು ದಾರಿಯೇ ನನ್ನ ಮೈದಾನ. ಬರಿಗಾಲಲ್ಲೇ ಓಡುತ್ತಿದ್ದೆ. ನಮ್ಮ ಸ್ಕೂಲಿನ ಪಿ.ಟಿ. ಮಾಸ್ತರರು ಬೆಳಗಾಗುವುದರೊಳಗೆ ಸೈಕಲ್ ತುಳಿದು ಬಂದು, ಕುಡುಗೋಲಿನ ಮೊನೆಯಿಂದ ನೆಲದಲ್ಲಿ ಎರಡು ಗುಳಿ ತೋಡುತ್ತಿದ್ದರು. ಅದರೊಳಗೆ ಪಾದ ಊರಿ, ಒದ್ದು, ಚಿಮ್ಮಬೇಕು. ಓಟ ಅರ್ಧ ಗೆಲ್ಲುವುದು ಆ ಒದೆತದಲ್ಲೇ ಎಂದು ಅವರೇ ಕಲಿಸಿದ್ದು. ಪಂದ್ಯದ ಹಿಂದಿನ ದಿನ ಕಾಲಿಗೆ ಕೆಲಸ ಕೊಡಬಾರದು ಎಂದು ಕಲಿಸಿದ್ದೂ ಅವರೇ. ಅವರನ್ನು ಅಷ್ಟು ನಂಬಿದ್ದೆ, ಅದಕ್ಕೇ ಈ ಸಿಟ್ಟು ಇನ್ನೂ ಆರಿಲ್ಲ.

ಅದು ನನ್ನ ಶಾಲೆಯ ಕೊನೆಯ ವರ್ಷ. ಸೇಲಂನಲ್ಲಿ ಶಾಲಾ ಮಕ್ಕಳ ರಾಜ್ಯ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಮೊದಲಿಬ್ಬರು ದಿಲ್ಲಿಗೆ ಹೋಗಿ ದೇಶದ ಹುಡುಗಿಯರ ಜೊತೆ ಓಡುತ್ತಾರೆ. ಶಾಲೆ ಮುಗಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ನಾನು ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲೆಲ್ಲ ದಿಲ್ಲಿ ದಿಲ್ಲಿ ಎಂದು ಡಂಗುರ ಸಾರಿ ಆಗಿತ್ತು.

ಆಯ್ಕೆಯ ಹಿಂದಿನ ದಿನವೇ ಹೊಸೂರಿನಲ್ಲಿ ಯಾವುದೋ ಕ್ರೀಡಾಕೂಟದ ಉದ್ಘಾಟನೆ ಬಂತು, ಮಂತ್ರಿಗಳು ಬರುತ್ತಾರೆ ಎಂದಾಯಿತು. ಕೃಷ್ಣಗಿರಿಯಿಂದ ಪಂಜು ಹೊತ್ತಿಸಿ, ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಓಡುತ್ತ ತರಬೇಕಂತೆ. ಮೈದಾನದ ಬಾಗಿಲಲ್ಲಿ ಅದನ್ನು ಇಸಕೊಂಡು ಮಂತ್ರಿಗಳ ಮುಂದೆ ಒಂದು ಸುತ್ತು ಬರುವುದಷ್ಟೇ ನನ್ನ ಪಾಲು. ಅದಕ್ಕಾಗಿ ಬಿಳಿ ಕ್ಯಾನ್ವಾಸ್ ಶೂ ಕೊಟ್ಟರು. ನಾನು ಜನ್ಮದಲ್ಲಿ ಶೂ ಹಾಕಿದವಳಲ್ಲ. ಕಂಡದ್ದೇ ಹಿಗ್ಗಿ ಹೀರೇಕಾಯಿ ಆದೆ.

ಬೆಳಿಗ್ಗೆ ನೋಡಿದರೆ, ಕೃಷ್ಣಗಿರಿ ದಾರಿಯ ಪೇರಂಡಪಲ್ಲಿಯಿಂದ ಹೊಸೂರಿನವರೆಗೆ ಓಡಬೇಕಿದ್ದ ಹುಡುಗ ನಾಪತ್ತೆ. ಕ್ರೀಡಾಕೂಟದ ಕಮಿಟಿ ಅಧ್ಯಕ್ಷರು ನನ್ನನ್ನೂ ಮಾಸ್ತರರನ್ನೂ ಜೀಪಿಗೆ ಹತ್ತಿಸಿಕೊಂಡು ಅಲ್ಲಿಗೆ ಕರೆದೊಯ್ದರು. ಅಷ್ಟು ದೂರವೂ ನಾನೇ ಓಡಬೇಕಂತೆ. ಇವಳಿಗೆ ನಾಳೆ ಸೇಲಂ ಇದೆ ಎಂದು ಯಾರೋ ನೆನಪಿಸಿದರು. ಅಧ್ಯಕ್ಷರು ನಕ್ಕುಬಿಟ್ಟರು.

"ಓಡ್ರ ಪೊಣ್ಣು ತಾನೇ!"

ಓಡೋ ಹುಡುಗಿ ತಾನೆ, ಓಡಲಿ ಬಿಡಿ, ಅವಳಿಗಿದೇನು ಮಹಾ ಎಂದು ಅವರ ತಮಿಳಿನ ಅರ್ಥ. ನೂರು ಮೀಟರ್ ಓಡುವವಳು ಮೈಲಿಗಟ್ಟಲೆಯೂ ಓಡುತ್ತಾಳೆ ಎಂದುಕೊಂಡ ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ಗೊತ್ತಿರಲಿಲ್ಲ. ನಾನು ಮಾಸ್ತರರ ಮುಖ ನೋಡಿದೆ. ಅವರಿಗೆ ಎಲ್ಲ ಗೊತ್ತಿತ್ತು. ಅವರು ಕೊರಳಲ್ಲಿದ್ದ ಸೀಟಿಯನ್ನು ಸುಮ್ಮನೆ ಒರೆಸಿಕೊಂಡರು.

"ನಡಿಯಮ್ಮ, ಮೆಲ್ಲಕೆ ಓಡು. ದೊಡ್ಡವ್ರು ಹೇಳ್ತಾವ್ರೆ" ಎಂದು ಜೀಪು ಹತ್ತಿ ಕೂತರು.

ಓಡಿದೆ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಪಂಜಿನ ಸೀಮೆಎಣ್ಣೆ ಹೊಗೆ ಮೂಗಿಗೆ, ಎಣ್ಣೆ ಮೊಣಕೈಗೆ. ಲಾರಿಗಳು ಪಕ್ಕಕ್ಕೇ ಉಜ್ಜಿಕೊಂಡು ಹೋಗುತ್ತಿದ್ದವು. ಮೆಲ್ಲಗೆ ಓಡು ಎಂದವರ ಜೀಪೇ, ಮಂತ್ರಿ ಬಂದುಬಿಡುತ್ತಾರೆ ಎಂದು ಹಿಂದಿನಿಂದ ಹಾರನ್ ಹೊಡೆಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅರ್ಧ ದಾರಿಗೇ ಹೊಸ ಶೂ ಕಚ್ಚತೊಡಗಿತ್ತು.

ಅಷ್ಟೆಲ್ಲ ಮಾಡಿ ಮೈದಾನ ಮುಟ್ಟಿದರೆ ಮಂತ್ರಿಯೇ ಇಲ್ಲ. ಅವರು ಬಂದದ್ದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಪಂಜು ಆರಿಹೋಗಿತ್ತು. ಯಾರೋ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀಚಿ, ಮತ್ತೆ ಹಚ್ಚಿ ನನ್ನ ಕೈಗೆ ಕೊಟ್ಟರು. ಫೋಟೋ ತೆಗೆದರು. ಹಾಗಾದರೆ ಅದನ್ನು ಅಷ್ಟು ದೂರದಿಂದ ಓಡಿಸಿಕೊಂಡು ಬಂದದ್ದು ಯಾವ ಭಾಗ್ಯಕ್ಕೆ ಎಂದು ಒಬ್ಬರೂ ಕೇಳಲಿಲ್ಲ.

ಮನೆಯಲ್ಲಿ ಶೂ ಬಿಚ್ಚಿದರೆ ಚರ್ಮವೂ ಜೊತೆಗೆ ಬಂತು. ಹಿಮ್ಮಡಿ, ಹೆಬ್ಬೆರಳ ಬುಡ, ಎಲ್ಲ ಕಡೆ ಬೊಬ್ಬೆ. ಅಮ್ಮ ಹರಳೆಣ್ಣೆ ಹಚ್ಚುತ್ತ, ಮಂತ್ರಿಯಿಂದ ಮಾಸ್ತರರವರೆಗೆ ಒಬ್ಬರನ್ನೂ ಬಿಡದೆ ಬೈದರು. ಮಾರನೆಯ ದಿನ ಸೇಲಂನಲ್ಲಿ ಗುಳಿಯಲ್ಲಿ ಪಾದ ಊರಿ ಒದ್ದೆ, ಬೊಬ್ಬೆಗಳು ಒಡೆದವು. ಮೂರನೆಯವಳಾಗಿ ಬಂದೆ. ಮುಂದೆ ಬಂದ ಇಬ್ಬರೂ ಅಲ್ಲಿಯವರೆಗೆ ನನ್ನ ಬೆನ್ನು ಮಾತ್ರ ಕಂಡವರು. ವಾಪಸ್ ಬರುವ ಬಸ್ಸಿನಲ್ಲಿ ಮಾಸ್ತರರು ಕಡಲೆಕಾಯಿ ಕೊಡಿಸಿ, ಎಲ್ಲ ಹಣೆಬರಹ ಕಣಮ್ಮ ಎಂದರು. ಹಣೆಬರಹವಂತೆ! ಹಣೆಯಲ್ಲಿ ಬರೆದದ್ದು ಅಂಗಾಲಿಗೆ ಹೇಗೆ ಇಳಿಯಿತೋ, ಅವರನ್ನೇ ಕೇಳಬೇಕಿತ್ತು.

ಕೇಳುವ ದಿನ ಎಂಬತ್ತರ ದಶಕದಲ್ಲಿ ಬಂತು. ಆಗ ನಾನು ಉದ್ದನಪಲ್ಲಿ ಕಡೆಯ ಹೈಸ್ಕೂಲಿನಲ್ಲಿ ಟೀಚರ್. ನನ್ನ ಕೈಯಲ್ಲಿ ಒಬ್ಬ ಹುಡುಗಿ ತಯಾರಾಗಿದ್ದಳು, ರಾಗಿ ಹೊಲದವರ ಮಗಳು. ಆ ವಯಸ್ಸಿನಲ್ಲಿ ನನಗಿದ್ದುದಕ್ಕಿಂತ ಜೋರು ಅವಳ ಕಾಲಿಗಿತ್ತು. ಅವಳಿಗೂ ಅದೇ ಸೇಲಂ, ಅದೇ ಕೊನೆಯ ವರ್ಷ. ಆಯ್ಕೆಗೆ ಇನ್ನೆರಡೇ ದಿನ ಇತ್ತು, ಹಳೆಯ ಮಾಸ್ತರರು ಬಂದರು. ಈಗ ಅವರು ಹೆಡ್ಮಾಸ್ಟರು, ಕಮಿಟಿಯಲ್ಲೂ ದೊಡ್ಡವರು. ನಾಳೆಯ ಮೆರವಣಿಗೆಗೆ ಪಂಜು ಹಿಡಿಯಲು ನನ್ನ ಹುಡುಗಿ ಬೇಕಂತೆ. ಕಂಕುಳಲ್ಲಿ ಹೊಸ ಶೂಗಳ ಪೆಟ್ಟಿಗೆ. ಹುಡುಗಿಯ ಕಣ್ಣು ಆಗಲೇ ಅದರ ಮೇಲೆ ನೆಟ್ಟಿತ್ತು.

ಆಗುವುದಿಲ್ಲ ಎಂದೆ. ಅವರ ಮುಖ ಕೆಂಪಾಯಿತು.

"ನೀನೂ ಓಡ್ದೋಳೇ ಅಲ್ವೇನಮ್ಮ? ಅವತ್ತು ಒಂದು ಮಾತೂ ಆಡ್ಲಿಲ್ಲ ನೀನು."

"ಅವತ್ತು ನಾನಿನ್ನೂ ಹುಡ್ಗಿ ಸಾರ್. ಆಗಲ್ಲ ಅನ್ನೋ ಕೆಲ್ಸ ನಿಮ್ದಾಗಿತ್ತು. ನೀವು ಮಾಡ್ಲಿಲ್ಲ, ಅದ್ಕೇ ನಾನು ಮಾಡ್ತಾ ಇದೀನಿ."

ಅವರು ಪೆಟ್ಟಿಗೆ ತೆಗೆದುಕೊಂಡು ಹೋದರು.

ಹುಡುಗಿ ಅತ್ತಳು. ಟೀಚರಿಗೆ ಹೊಟ್ಟೆಕಿಚ್ಚು ಎಂದು ಗೆಳತಿಯರ ಹತ್ತಿರ ಹೇಳಿದಳಂತೆ. ಸೇಲಂ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿ ಕಡೆ ತಿರುಗಿ ಕೂತಳು, ನನ್ನ ಜೊತೆ ಮಾತು ಬಿಟ್ಟಿದ್ದಳು. ಬಿಡಲಿ. ಮೈದಾನದಲ್ಲಿ ನಾನೇ ಕುಡುಗೋಲು ಹಿಡಿದು ಗುಳಿ ತೋಡಿಕೊಟ್ಟೆ. ಚಪ್ಪಲಿ ಕಳಚಿ ಅವಳು ಪಾದ ಊರುವಾಗ ಬಗ್ಗಿ ಅಂಗಾಲು ನೋಡಿದೆ. ಒಂದು ಬೊಬ್ಬೆಯೂ ಇರಲಿಲ್ಲ.