ಬಾಗಿಲು ದಕ್ಷಿಣಕ್ಕಿತ್ತು, ಅತ್ತೆ

ಅತ್ತೆ, ಜಪಾನಿನ ಆ ಮನೆಯ ಬಾಗಿಲು ಪೂರ್ವಕ್ಕಿರಲಿಲ್ಲ. ದಕ್ಷಿಣಕ್ಕಿತ್ತು. ಕೊಳ್ಳುವ ಮೊದಲೇ ನನಗದು ಗೊತ್ತಿತ್ತು — ಗೊತ್ತಿದ್ದೂ ನಿಮಗೆ ಸುಳ್ಳು ಹೇಳಿದೆ.

ನಿಮ್ಮ ಮಗನಿಗೆ ಅಲ್ಲಿಗೆ ವರ್ಗವಾದಾಗ ನಾವೆಲ್ಲ ಇಲ್ಲೇ, ಈ ಪರದೇಶದ ಬಾಥೆಲ್ ಊರಿನಲ್ಲಿದ್ದೆವು. ಸ್ಟೇಷನ್ನಿನ ಎದುರಿಗೇ ಇದ್ದ ಹಳೆಯ ಕಟ್ಟಡದ ಆ ಫ್ಲ್ಯಾಟು ಫೋನಿನಲ್ಲಿ ನೋಡಿದ ಕೂಡಲೇ ನನಗೆ ಹಿಡಿಸಿಬಿಟ್ಟಿತು. ಬಣ್ಣ ಮಾಸಿತ್ತು, ಅಡುಗೆಮನೆ ಇಕ್ಕಟ್ಟು. ಆದರೂ ಕಾರಿನ ಹಂಗಿಲ್ಲದೆ ಬದುಕುವ ಆಸೆ ನನ್ನದು. ನೀವು ಕೇಳಿದ್ದು ಒಂದೇ ಮಾತು: "ಬಾಗಲಾ ಯಾವ ಕಡೆ ಅದನವಾ?" ಮಾವನವರು ತೀರಿಕೊಂಡದ್ದು ಹುಬ್ಬಳ್ಳಿಯ ದಕ್ಷಿಣ ಬಾಗಿಲಿನ ಮನೆಯಲ್ಲಿ. ಯಮನ ದಿಕ್ಕು ಎಂಬ ಆ ಭಯ ನಿಮ್ಮನ್ನು ಬಿಟ್ಟಿಲ್ಲವೆಂದು ನನಗೆ ತಿಳಿಯದೇ? "ಪೂರ್ವಕ್ಕ ಅದ, ಅತ್ತಿ" ಎಂದೆ. ವಯಸ್ಸಾದವರ ಮೂಢನಂಬಿಕೆಗೆ ಒಳ್ಳೆಯ ಮನೆ ಬಿಡುವುದೇ — ಎಂಬ ಸೊಕ್ಕು.

ನೀವೂ ಜೊತೆಗೆ ಬಂದಿರಿ. ಹಾಲುಕ್ಕಿಸಿದಿರಿ. ದಿನಾ ಬೆಳಿಗ್ಗೆ ಬಾಗಿಲಾಚೆ ನಿಂತು, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಇವರು ರೈಲು ಹತ್ತುವವರೆಗೂ ನೋಡುತ್ತಿದ್ದಿರಿ. ಸಂಜೆ ಮತ್ತೆ ಅಲ್ಲೇ. ಅತ್ತೆಗೆ ರೈಲಿನ ಹುಚ್ಚು ಹಿಡಿಯಿತೆಂದು ನಾನು ನಕ್ಕಿದ್ದೂ ಉಂಟು.

ಚಳಿಗಾಲದ ಒಂದು ಮಟಮಟ ಮಧ್ಯಾಹ್ನ ಬಾಗಿಲು ತೆರೆದು, ಹೊಸ್ತಿಲ ಬಳಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಿರಿ. "ಇಲ್ಲೆ ಸೂರ್ಯಾ ಮಧ್ಯಾಹ್ನಕ್ಕೂ ಪೂರ್ವದಾಗನ ಇರ್ತಾನೇನವಾ?" ಎಂದಿರಿ. ನಾನು ತಂದ ಚಹಾ ಇಸಿದುಕೊಂಡು ನೀವೇ ಅಂದಿರಿ: "ಅಂವಗ ಹೇಳಬ್ಯಾಡ. ಸುಮ್ಮನ ನಿಮ್ಮಿಬ್ಬರಿಗೆ ಜಗಳಾಗ್ತದ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ — ನಿಮಗೆ ಬಂದ ದಿನವೇ ತಿಳಿದಿತ್ತು. ರೈಲು ನೋಡಲು ನಿಂತದ್ದಲ್ಲ ನೀವು. ಮಗ ಮರಳಿ ಬರುವನೋ ಇಲ್ಲವೋ ಎಂದು ನಿಂತದ್ದು. ಆ ಭಯ ನಾನು ಕೊಟ್ಟದ್ದು. ಅಷ್ಟು ತಿಂಗಳು ಅದನ್ನು ಒಬ್ಬರೇ ನುಂಗಿಕೊಂಡಿರಿ, ನನ್ನ ಸಂಸಾರ ನೆಟ್ಟಗಿರಲೆಂದು. ಹೆತ್ತ ತಾಯಿಯೂ ನನ್ನನ್ನು ಹೀಗೆ ಕಾಯುತ್ತಿದ್ದಳೋ ಇಲ್ಲವೋ. ನಿಮ್ಮ ಋಣ ದೊಡ್ಡದು, ಅತ್ತೆ. ಆದರೂ "ತಪ್ಪಾಯಿತು" ಎಂಬ ಒಂದು ಮಾತು ನನ್ನ ಬಾಯಿಂದ ಅಂದು ಬರಲಿಲ್ಲ, ಇಂದಿಗೂ —

ಈಗ ಜಪಾನಿನಿಂದ ಮರಳಿ ಬಂದು, ಬಾಥೆಲ್‌ಗೆ ಹತ್ತಿರದ ಶೋರ್‌ಲೈನ್ ಊರಿನಲ್ಲಿ ಮನೆ ನೋಡುತ್ತಿದ್ದೇವೆ. ಅಲ್ಲೂ ರೈಲು ಹತ್ತಿರ. ಇವತ್ತು ನೋಡಿಬಂದ ಮನೆ ನನಗೆ ತುಂಬ ಹಿಡಿಸಿದೆ. ಸಂಜೆ ನೀವು ಮತ್ತೆ ಅದನ್ನೇ ಕೇಳಿದಿರಿ: "ಬಾಗಲಾ ಯಾವ ಕಡೆ ಅದನವಾ? ನೀ ಹೇಳಿದ್ರ ಸಾಕು, ನಾ ಬಂದು ನೋಡೂದಿಲ್ಲ." ನಾಳೆ ಹೇಳುತ್ತೇನೆಂದು ಎದ್ದುಬಂದೆ.

ನಾಳೆ, ನಿಮ್ಮ ಮಗನ ಎದುರಿಗೇ ಹೇಳುತ್ತೇನೆ. "ದಕ್ಷಿಣಕ್ಕ ಅದ, ಅತ್ತಿ. ಆ ಮನೀದೂ ದಕ್ಷಿಣಕ್ಕನ ಇತ್ತು."