ತಲೆಕೆಳಗಾದ ತ್ರಿಕೋನ

ಆಂಪ್ಲಿಫೈಯರ್ ಮಾಡುವ ಆ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಭಾಮೈದ ಎಂದೇ ಕರೆಯುತ್ತಿದ್ದರು. ಸರ್ಕ್ಯೂಟು ಬರೆಯುವ ಹಿರಿಯ ಡಿಸೈನರಿಗೆ ಅವನು ಹೆಂಡತಿಯ ತಮ್ಮ. ಎರಡು ವರ್ಷ ಬೆಸುಗೆಯ ಹೊಗೆ ಕುಡಿದಾಗ ಯಾರೂ ಅವನನ್ನು ಕಣ್ಣೆತ್ತಿ ನೋಡಿರಲಿಲ್ಲ. ಡಿಸೈನ್ ಮೇಜಿಗೆ ಹತ್ತಿಸಿದ ದಿನ ಮಾತ್ರ ಎಲ್ಲರಿಗೂ ಕಣ್ಣು ಬಂತು.

“ಅಕ್ಕನ ಸೆರಗು ಹಿಡ್ಕೊಂಡು ಮೇಲೆ ಹತ್ತಿದೆಯಲ್ಲೋ,” ಎಂದಳು ಕಾಯಿಲ್ ಸುತ್ತುವ ಹೆಂಗಸು.

“ನಿಮಗೂ ಒಬ್ಬ ಭಾವನ್ನ ಹುಡುಕಿ ಕೊಡ್ಲಾ?” ಎಂದ ಅವನು.

ಬಾಯಲ್ಲಿ ನಗು, ಮೈಯೆಲ್ಲ ಉರಿ. ತಾನೇ ಬರೆದ ಒಂದು ಬೋರ್ಡು ಮಾಲೀಕರ ಮುಂದೆ ಸರಿಯಾಗಿ ಕೆಲಸ ಮಾಡಿಬಿಟ್ಟರೆ ಮೇಜು ಖಾಯಂ. ಕೈಕೊಟ್ಟರೆ ಮತ್ತೆ ಬೆಸುಗೆ, ಜೊತೆಗೆ ಜೀವಮಾನವಿಡೀ ಭಾಮೈದ.

ಆದರೆ ಸರ್ಕ್ಯೂಟು ಬರೆಯಬೇಕಾದರೆ ಮೊದಲು ಓದಲು ಬರಬೇಕು. ದಿನಾ ಬೆರಳಲ್ಲಿ ಹಿಡಿದ ರೆಸಿಸ್ಟರು ಕಾಗದದ ಮೇಲೆ ಗರಗಸದ ಹಲ್ಲಾಗಿ ನಿಂತಾಗ ಅವನು ಗುರುತೇ ಹಿಡಿಯಲಿಲ್ಲ. ಕೆಪಾಸಿಟರು ಎರಡು ಗೆರೆ. ಎದುರುಬದುರು ನಿಂತರೂ ಮುಟ್ಟಿಕೊಳ್ಳುವುದಿಲ್ಲ, ಜಗಳವಾಡಿದ ಮರುದಿನದ ಅಕ್ಕ-ಭಾವನಂತೆ. ಡಯೋಡು ಎಂದರೆ ಗೋಡೆಗೆ ಮೂತಿ ಗುದ್ದಿಕೊಂಡ ಬಾಣ. ಅದರಲ್ಲಿ ಅವನಿಗೆ ತನ್ನದೇ ಭಾವಚಿತ್ರ ಕಂಡಿತು.

ಭಾವ ಕಲಿಸುವುದೋ, ಬಸ್ಸು ತಪ್ಪಿಸಿಕೊಂಡವನ ಓಟ. ನಕ್ಷೆಯ ಮೇಲೆ ಬೆರಳೋಡಿಸುತ್ತ “ಇದು ಇದು, ಅದು ಅದು” ಎಂದು, ತಲೆಕೆಳಗಾದ ಪೊಳ್ಳು ತ್ರಿಕೋನವೊಂದರ ಮೇಲೆ ಬೆರಳು ನಿಲ್ಲಿಸಿ ಒಂದೇ ಪದ ಹೇಳಿದ: “ಅರ್ಥ?”

“ಹೂಂ, ಅರ್ಥ,” ಎಂದ ಇವನು.

ಭಾವ ಎದ್ದು ಹೋದ. ಅವನು ಕೇಳಿದ್ದು, ಅರ್ಥವಾಯಿತೇ ಎಂದು. ಆದರೆ ಆ ಶೆಡ್ಡಿನಲ್ಲಿ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ತಂತಿಯನ್ನೂ ಅರ್ಥ ಎಂದೇ ಕರೆಯುವುದು. ತ್ರಿಕೋನದ ಹೆಸರೇ ಅದೆಂದು ಇವನು ತಿಳಿದ. ಇಬ್ಬರೂ ಒಂದೇ ಪದ ಹತ್ತಿ ಬೇರೆ ಬೇರೆ ಊರಿಗೆ ಹೋದರು. ತನ್ನ ಬೋರ್ಡಿನಲ್ಲಿ ತ್ರಿಕೋನ ಬಂದ ಕಡೆಯಿಂದೆಲ್ಲ ಒಂದೊಂದು ತಂತಿ ಎಳೆದು, ಅರ್ತಿಂಗ್ ಸೇರುವ ಪೆಟ್ಟಿಗೆಯ ಮೈಗೆ ಬಿಗಿದ. ಬೆಸುಗೆ ಮಾತ್ರ ಮುತ್ತಿನಂತಿತ್ತು.

ಪರೀಕ್ಷೆಯ ದಿನ ಮಾಲೀಕರು ಸ್ವಿಚ್ಚು ಹಾಕಿದರು. ಸ್ಪೀಕರು “ಗೊಂಯ್” ಎಂದಿತು, ಎಂದದ್ದು ನಿಲ್ಲಿಸಲಿಲ್ಲ.

“ಏನಯ್ಯ, ಹಾಡೋ ಪೆಟ್ಟಿಗೆ ಮಾಡು ಅಂದ್ರೆ ಜೇನುಗೂಡು ಮಾಡಿದ್ದೀಯಾ?” ಎಂದರು ಮಾಲೀಕರು.

ಭಾವ ಒಳಗೆ ಇಣುಕಿ ಲೊಚಗುಟ್ಟಿದ. “ಮೈಕಿನ ಗ್ರೌಂಡ್ ಬೇರೆ, ಅರ್ಥ ಬೇರೆ. ಎರಡೂ ಸೇರೋದು ಒಂದೇ ಕಡೆ. ಕಂಡಲ್ಲೆಲ್ಲ ಕಟ್ಟಿದ್ರೆ ಗೊಂಯ್ ಅನ್ನದೆ ಇನ್ನೇನು? ಬಿಡಿಸಿ ಬಿಡಿಸಿ ಹೇಳ್ಕೊಟ್ಟೆ ಸಾರ್. ಇವನಿಗೆ ಅರ್ಥ ಆಗಿಲ್ಲ.”

ಇವನ ಕಿವಿ ಕಾದ ಬೆಸುಗೆ ಕಡ್ಡಿಯಾಯಿತು. “ಅರ್ಥ ಆಗಿದ್ದೇ ತಪ್ಪಾಯ್ತು! ತ್ರಿಕೋನದ ಮೇಲೆ ಬೆರಳಿಟ್ಟು ನೀವು ಏನಂದ್ರಿ?”

“ಅರ್ಥ ಅಂದೆ.”

“ನಾನೂ ಅದನ್ನೇ ಕಟ್ಟಿದೆ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಕಾಯಿಲ್ ಸುತ್ತುವವಳು ತಂತಿ ಕೈಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಆ ನಗುವಿಗಿಂತ ಬೈಗುಳವೇ ವಾಸಿಯಿತ್ತು. ಇವನು ಪ್ಲಗ್ಗು ಕಿತ್ತು, ಕಟ್ಟರ್ ಹಿಡಿದು, ಒಂದನ್ನುಳಿಸಿ ಮಿಕ್ಕ ತಂತಿಗಳನ್ನೆಲ್ಲ ಕಚಕಚನೆ ಕತ್ತರಿಸಿದ. ಭಾವನ ಬೆರಳು ಪೆಟ್ಟಿಗೆಯೊಳಗೆ ಇರಲಿಲ್ಲ, ಪುಣ್ಯ.

ಮತ್ತೆ ಸ್ವಿಚ್ಚು. ಗೊಂಯ್ ಇಲ್ಲ. ಭಾವ ಮೈಕು ಹಿಡಿದು “ಹಲೋ” ಎಂದರೆ ದನಿ ತಿಳಿನೀರು. ಅದೇ ಮೈಕಿನಲ್ಲಿ, “ಏನೇ ಆಗ್ಲಿ ಸಾರ್, ನಾನು ತಿದ್ದಿದ ಹುಡುಗ,” ಎಂದೂ ಸೇರಿಸಿದ.

ಇವನು ಮೈಕು ಕಸಿದುಕೊಂಡ. ಬಾಯಿಗೆ ಬಂದದ್ದು ಅಕ್ಕ ಕೇಳಬಾರದ ಮಾತು, ನುಂಗಿದ.

“ಭಾವ, ಆ ತ್ರಿಕೋನದ ಹೆಸರು ಹೇಳಿ.” ಮಾತು ತಗಡಿನ ಮಾಡಿಗೆ ಬಡಿದು ಎಲ್ಲರ ತಲೆಯ ಮೇಲೆ ಬಿತ್ತು.

“ಸಿಗ್ನಲ್ ಗ್ರೌಂಡ್,” ಎಂದ ಭಾವ, ಮೈಕಿಲ್ಲದೆ, ಸಣ್ಣಗೆ.

“ಎರಡು ಪದ. ಅವತ್ತೇ ಹೇಳಿದ್ರೆ ನಿಮ್ಮ ಬಾಯಿ ಸವೆದು ಹೋಗ್ತಿತ್ತಾ?”

ಕಾಯಿಲ್ ಸುತ್ತುವವಳು ಕೈಬಿಟ್ಟ ತಂತಿಯನ್ನೆತ್ತಿ ಮತ್ತೆ ಸುತ್ತತೊಡಗಿದಳು. ಮಾಲೀಕರು ಗಂಟಲು ಸರಿಮಾಡಿಕೊಂಡರು. “ಮೇಜು ನಿಂದೇ ಇರ್ಲಿ. ಆದ್ರೆ ಹೆಸರು ಕೇಳ್ದೆ ತಂತಿ ಎಳೆದದ್ದು ನಿನ್ನ ತಪ್ಪೇ. ಇನ್ಮೇಲೆ ಕೇಳು.”

ಅದು ಸರಿಯಾದ ಮಾತಾದ್ದರಿಂದ ಇವನ ಸಿಟ್ಟು ಇನ್ನಷ್ಟು ಏರಿತು. ನಕ್ಷೆಗಳ ಕಟ್ಟು ಹೊತ್ತು ತಂದು ಭಾವನ ಎದುರು ಧೊಪ್ಪನೆ ಹಾಕಿ, ಕುರ್ಚಿ ಎಳೆದುಕೊಂಡ. “ಇದು?”

“ರೆಸಿಸ್ಟರ್. ನಿಂಗೆ ಗೊತ್ತಲ್ಲೋ.”

“ಇದು? ಮತ್ತೆ ಇದು?”

ಭಾವ ಕುರ್ಚಿಯಿಂದ ಅರ್ಧ ಎದ್ದ.

“ಕೂತ್ಕೊಳ್ಳಿ ಭಾವ,” ಎಂದ ಇವನು, ಹಾಳೆ ಮಗುಚುತ್ತ. “ಸಾಹುಕಾರ್ರು ಕೇಳು ಅಂದಿದ್ದಾರೆ.”